ಯಂತ್ರಕ್ಕೊಬ್ಬ ದುಭಾಷಿ

ನಮ್ಮ ಹೊಸೂರು ಸೀಮೆಯ ಮಕ್ಕಳಿಗೆ ದುಭಾಷಿಯ ಕೆಲಸ ಹೊಸದೇನೂ ಅಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಅಜ್ಜಿಯ ಜೊತೆ ಬ್ಯಾಂಕಿಗೆ ಹೋದ ಹುಡುಗಿ ಅಜ್ಜಿಯ ಮಾತನ್ನು ಗುಮಾಸ್ತರಿಗೂ, ಗುಮಾಸ್ತರ ಮಾತನ್ನು ಅಜ್ಜಿಗೂ ತಲುಪಿಸಿ ಬರುತ್ತಾಳೆ. ಈ ಕೆಲಸದಲ್ಲಿ ನಾವು ಎಡವುವುದು ಕಷ್ಟದ ಶಬ್ದಗಳಲ್ಲಿ ಅಲ್ಲ. ಎರಡು ಭಾಷೆಗಳಲ್ಲಿಯೂ ಒಂದೇ ರೂಪದಲ್ಲಿರುವ ಸುಲಭದ ಶಬ್ದಗಳಲ್ಲಿ. 'ಅವಸರ' ಎಂಬ ಒಂದು ಶಬ್ದವನ್ನೇ ನೋಡಿರಿ. ಕನ್ನಡದಲ್ಲಿ ಅದು ಆತುರ. ತೆಲುಗಿನಲ್ಲಿ 'ಅವಸರಂ' ಎಂದರೆ ಅಗತ್ಯ. "ನನಗೆ ಅವಸರವಿಲ್ಲ" ಎಂದು ಕನ್ನಡಿಗನು ಹೇಳಿದರೆ, "ಇವನಿಗೆ ಬೇಡವಂತೆ" ಎಂದು ತೆಲುಗಿನವನು ತಿಳಿದುಕೊಂಡಾನು. ಹೇಳಿದವನದೂ ತಪ್ಪಿಲ್ಲ, ಕೇಳಿದವನದೂ ತಪ್ಪಿಲ್ಲ. ನಡುವೆ ನಿಂತವನು ಎಚ್ಚರವಾಗಿರಬೇಕಾಗಿತ್ತು, ಅಷ್ಟೆ.

ಕಾರ್ಖಾನೆಯ ಗಣಕಯಂತ್ರಕ್ಕೂ ಲೋಹ ಕೊರೆಯುವ ಯಂತ್ರಕ್ಕೂ ನಡುವೆ ಇಂಥದೇ ದುಭಾಷಿಯೊಬ್ಬನಿದ್ದಾನೆ. ಅವನ ಹೆಸರು ಪೋಸ್ಟ್ ಪ್ರೊಸೆಸರ್. ಸಿಪ್ಕಾಟ್ ಕೈಗಾರಿಕಾ ವಸಾಹತಿಗೆ ಸುತ್ತಲ ಊರುಗಳಿಂದ ಕೆಲಸಕ್ಕೆ ಹೋಗುವ ಎಷ್ಟೋ ಪೋಷಕರು ಈ ಹೆಸರನ್ನು ಕೇಳಿರಬಹುದು. ಅವನ ಕೆಲಸವನ್ನು, ಅದರಲ್ಲಿಯೂ ವೇಗದ ಚಲನೆಗೆ ಅವನು ಹಾಕಬೇಕಾದ ಕಡಿವಾಣವನ್ನು, ಆದಷ್ಟು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಒಬ್ಬ ತಂದೆಯ ದೂರು

ಕನ್ನಡ ಕಲಿಸುವ ನಾವು ಯಂತ್ರಗಳ ಗೋಜಿಗೆ ಹೋದದ್ದೇಕೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಐ.ಟಿ.ಐ. ಓದಿ, ಒಂದು ಸಣ್ಣ ವರ್ಕ್‌ಷಾಪಿನಲ್ಲಿ ಕೆಲಸಕ್ಕೆ ಸೇರಿದ ಹುಡುಗನ ತಂದೆ ಒಂದು ದಿನ ನಮ್ಮಲ್ಲಿಗೆ ಬಂದರು. ಸೇರಿದ ಮೊದಲ ತಿಂಗಳಿನಲ್ಲಿಯೇ ಮಗನು ಬೆಲೆಬಾಳುವ ಕಟ್ಟರೊಂದನ್ನು ಮುರಿದಿದ್ದನು. ಅದರ ಬೆಲೆಯನ್ನು ಸಂಬಳದಲ್ಲಿ ಹಿಡಿಯುತ್ತಾರೋ, ಕೆಲಸದಿಂದಲೇ ತೆಗೆಯುತ್ತಾರೋ ಎಂಬ ಭಯ ಅವರಿಗೆ. "ಚಿಕ್ಕಂದಿನಿಂದಲೂ ಇವನಿಗೆ ಅವಸರ ಸ್ವಾಮಿ, ನೀವಾದರೂ ಬುದ್ಧಿ ಹೇಳಿ" ಎಂದರು. ಹುಡುಗನು ಮಾತ್ರ ತಲೆ ತಗ್ಗಿಸಿಕೊಂಡು, "ನಾನು ವೇಗವನ್ನು ಇಪ್ಪತ್ತೈದಕ್ಕೆ ಇಳಿಸಿಯೇ ಓಡಿಸಿದೆ ಸಾರ್. ಆದರೂ ಅದು ಹಾರಿಕೊಂಡು ಬಂತು" ಎಂದನು.

ಸುಳ್ಳು ಹೇಳುವ ಹುಡುಗನಲ್ಲ. ಹಾಗಾದರೆ ಯಂತ್ರ ಅವನ ಮಾತನ್ನು ಕೇಳಲಿಲ್ಲವೇಕೆ? ವರ್ಕ್‌ಷಾಪಿನ ಮಾಲೀಕರ ಅಪ್ಪಣೆ ಪಡೆದು ಒಂದು ಭಾನುವಾರ ಅಲ್ಲಿಗೆ ಹೋದೆವು. ಅಲ್ಲಿಯ ಹಿರಿಯ ಪ್ರೋಗ್ರಾಮರರು ತಾಳ್ಮೆಯಿಂದ ವಿವರಿಸಿದರು. ಉತ್ತರ ತಿಳಿಯಬೇಕಾದರೆ ಮೊದಲಿನಿಂದ ಹೇಳಿಕೊಂಡು ಬರಬೇಕು.

ನಕ್ಷೆಯಿಂದ ಯಂತ್ರದವರೆಗೆ

ಸಂಖ್ಯೆಗಳ ಮೂಲಕ ಯಂತ್ರವನ್ನು ನಡೆಸುವ ವಿದ್ಯೆ ಅಮೆರಿಕದಲ್ಲಿ ಹುಟ್ಟಿತು. ಜಾನ್ ಪಾರ್ಸನ್ಸ್ ಎಂಬುವರ ಕಲ್ಪನೆಯನ್ನು ಹಿಡಿದು, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಅಮೆರಿಕದ ವಾಯುಪಡೆಯ ನೆರವಿನಿಂದ 1952ರಲ್ಲಿ ಇಂಥ ಯಂತ್ರವೊಂದನ್ನು ಮಾಡಿ ತೋರಿಸಿದರು. ಅದೇ ಸಂಸ್ಥೆಯಲ್ಲಿ ಡಗ್ಲಸ್ ರಾಸ್ ಅವರ ನೇತೃತ್ವದಲ್ಲಿ ರೂಪುಗೊಂಡ 'ಆಪ್ಟ್' ಎಂಬ ಗಣಕ ಭಾಷೆಯನ್ನು 1959ರಲ್ಲಿ ಪತ್ರಕರ್ತರ ಮುಂದೆ ಇಟ್ಟಾಗ, ಅದರಿಂದ ಕೊರೆದ ಅಲ್ಯೂಮಿನಿಯಮ್ಮಿನ ಬೂದಿ ಬಟ್ಟಲುಗಳನ್ನು ಹಂಚಿದ್ದರಂತೆ.

ಆ ಕಾಲದಲ್ಲಿಯೇ ಒಂದು ಒಳ್ಳೆಯ ಏರ್ಪಾಡು ಬಳಕೆಗೆ ಬಂತು. ಕಟ್ಟರು ಎಲ್ಲೆಲ್ಲಿ ಹೋಗಬೇಕೆಂಬ ಲೆಕ್ಕವನ್ನು ಯಾವ ಯಂತ್ರಕ್ಕೂ ಸೇರದ ಸಾಮಾನ್ಯ ರೂಪದಲ್ಲಿ ಒಮ್ಮೆ ಮಾಡಿಡುವುದು. ಆಮೇಲೆ ಒಂದೊಂದು ಯಂತ್ರಕ್ಕೂ ಅದಕ್ಕೆ ಅರ್ಥವಾಗುವಂತೆ ಬೇರೆ ಬೇರೆಯಾಗಿ ಬರೆದುಕೊಡುವುದು. ಈ ಎರಡನೆಯ ಕೆಲಸ ಮಾಡುವುದೇ ಪೋಸ್ಟ್ ಪ್ರೊಸೆಸರ್. ಇಂದು ಮೊದಲನೆಯ ಕೆಲಸವನ್ನು 'ಕ್ಯಾಮ್' ಎಂಬ ತಂತ್ರಾಂಶಗಳು ಮಾಡುತ್ತವೆ. ಗಣಕದ ತೆರೆಯ ಮೇಲೆ ತುಣುಕಿನ ಚಿತ್ರ, ಅದರ ಸುತ್ತ ಕಟ್ಟರು ಹೋಗುವ ದಾರಿಯ ಬಣ್ಣದ ಗೆರೆಗಳು ಮೂಡುತ್ತವೆ. ಪೋಸ್ಟ್ ಪ್ರೊಸೆಸರು ಆ ಗೆರೆಗಳನ್ನು 'ಜಿ ಕೋಡ್' ಎಂಬ ಸಾಲುಗಳಾಗಿ ಬರೆದುಕೊಡುತ್ತದೆ. ಯಂತ್ರ ಓದುವುದು ಆ ಸಾಲುಗಳನ್ನೇ ಹೊರತು ಬಣ್ಣದ ಗೆರೆಗಳನ್ನಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕು.

ಎರಡು ಬಗೆಯ ನಡೆ

ಜಿ ಕೋಡಿನ ಮೊದಲ ಪಾಠವೇ ಎರಡು ಆಜ್ಞೆಗಳು. ಜಿ 01 ಎಂದರೆ ಕೊರೆಯುತ್ತ ನಡೆ. ಇದಕ್ಕೆ ಎಫ್ ಎಂಬ ಅಕ್ಷರದ ಮುಂದೆ ವೇಗವನ್ನು ಬರೆಯಬೇಕು. ಎಫ್ 300 ಎಂದರೆ ನಿಮಿಷಕ್ಕೆ 300 ಮಿಲಿಮೀಟರು. ಜಿ 00 ಎಂದರೆ ಖಾಲಿ ನಡೆ. ಒಂದು ತೂತು ಕೊರೆದಾದ ಮೇಲೆ ಮುಂದಿನ ತೂತಿನ ಮೇಲಕ್ಕೆ ಹೋಗುವಾಗ ಕೊರೆಯುವ ಕೆಲಸವಿಲ್ಲ. ಆಗ ಯಂತ್ರವು ತನ್ನ ಪೂರ್ಣ ವೇಗದಲ್ಲಿ ಹೋಗಲಿ ಎಂಬುದು ಇದರ ತಾತ್ಪರ್ಯ. ಇದಕ್ಕೆ ವೇಗ ಬರೆಯಬೇಕಾಗಿಲ್ಲ. ಅದು ಯಂತ್ರದೊಳಗೇ ನಿಗದಿಯಾಗಿರುತ್ತದೆ.

ನಾವು ನೋಡಿದ ಯಂತ್ರದಲ್ಲಿ ಆ ವೇಗ ನಿಮಿಷಕ್ಕೆ 24 ಮೀಟರು, ಅಂದರೆ ಸೆಕೆಂಡಿಗೆ 40 ಸೆಂಟಿಮೀಟರು. ನಾವು ನಡೆಯುವ ವೇಗಕ್ಕಿಂತ ಇದು ಕಡಿಮೆಯೇ. ಆದರೆ ಚಲಿಸುವ ಭಾಗಗಳ ತೂಕ ನೂರಾರು ಕಿಲೋಗ್ರಾಂ. ಅಪಾಯ ಕಂಡು ಕೈ ಗುಂಡಿಯ ಮೇಲೆ ಬೀಳಲು ಕಾಲು ಸೆಕೆಂಡು ಬೇಕೆಂದು ಇಟ್ಟುಕೊಂಡರೂ ಅಷ್ಟರಲ್ಲಿ ಕಟ್ಟರು 10 ಸೆಂಟಿಮೀಟರು ಮುಂದೆ ಹೋಗಿರುತ್ತದೆ. ಏನನ್ನೂ ಕೊರೆಯದ, ನಿರಪಾಯವೆಂದು ತೋರುವ ಖಾಲಿ ನಡೆಯೇ ಯಂತ್ರದ ನಡೆಗಳಲ್ಲಿ ಅತ್ಯಂತ ವೇಗದ್ದು. ತಪ್ಪಿದರೆ ಪೆಟ್ಟೂ ಅದರದೇ ದೊಡ್ಡದು.

ಮುರಿದ ಗೆರೆ

ಈಗ ಮಕ್ಕಳು ಗ್ರಾಫ್ ಕಾಗದವನ್ನು ತೆಗೆದುಕೊಳ್ಳಲಿ. 1 ಸೆಂಟಿಮೀಟರು ಎಂದರೆ ಯಂತ್ರದ ಮೇಲಿನ 50 ಮಿಲಿಮೀಟರು. ಅಡ್ಡಲಾಗಿ ಎಕ್ಸ್, ನೇರ ಮೇಲಕ್ಕೆ ವೈ. ಕಟ್ಟರು ಈಗ ಎಕ್ಸ್ 0, ವೈ 0ಯಲ್ಲಿದೆ. ಆಜ್ಞೆ ಹೀಗಿದೆ:

ಜಿ 00 ಎಕ್ಸ್ 400 ವೈ 100

ಗಣಕದ ತೆರೆಯ ಮೇಲೆ ಇದು ಒಂದು ಸರಳರೇಖೆ. ಕಾಗದದ ಮೇಲೆ ಮೂಲಬಿಂದುವಿನಿಂದ ಬಲಕ್ಕೆ 8 ಸೆಂಟಿಮೀಟರು, ಮೇಲಕ್ಕೆ 2 ಸೆಂಟಿಮೀಟರು ಇರುವ ಬಿಂದುವಿಗೆ ಗೆರೆ ಎಳೆಯಿರಿ. ಎಕ್ಸ್ 100 ಆಗುವ ಕಡೆ ಈ ಗೆರೆ ವೈ 25ರಲ್ಲಿರುತ್ತದೆ.

ಆದರೆ ಎಷ್ಟೋ ಯಂತ್ರಗಳು ಹಾಗೆ ಹೋಗುವುದಿಲ್ಲ. ಎಕ್ಸ್ ದಿಕ್ಕಿಗೆ ಒಂದು ಮೋಟಾರು, ವೈ ದಿಕ್ಕಿಗೆ ಇನ್ನೊಂದು. ಜಿ 00 ಎಂದ ಕೂಡಲೇ ಎರಡೂ ಒಂದನ್ನೊಂದು ಕಾಯದೆ ತಮ್ಮ ತಮ್ಮ ಪೂರ್ಣ ವೇಗದಲ್ಲಿ ಓಡುತ್ತವೆ. ಕಾಲು ಸೆಕೆಂಡಿನಲ್ಲಿ ಎರಡೂ 100 ಮಿಲಿಮೀಟರು ಹೋಗಿರುತ್ತವೆ. ವೈ ತನ್ನ ಗುರಿ ಮುಟ್ಟಿ ನಿಲ್ಲುತ್ತದೆ. ಎಕ್ಸ್ ಒಂದೇ ಉಳಿದ 300 ಮಿಲಿಮೀಟರನ್ನು ಮುಗಿಸುತ್ತದೆ. ಅಂದರೆ ಕಟ್ಟರು ಮೊದಲು 45 ಡಿಗ್ರಿ ಓರೆಯಾಗಿ ಹೋಗಿ, ಆಮೇಲೆ ಅಡ್ಡಲಾಗಿ ತಿರುಗುತ್ತದೆ. ಎಕ್ಸ್ 100ರಲ್ಲಿ ಅದು ವೈ 25ರಲ್ಲಿಲ್ಲ, ವೈ 100ರಲ್ಲಿದೆ. ತೆರೆಯ ಮೇಲಿನ ಗೆರೆಯಿಂದ 75 ಮಿಲಿಮೀಟರು ದೂರ! ನಾಯಿಯ ಹಿಂಗಾಲಿನಂತೆ ಮುರಿದಿರುವ ಈ ದಾರಿಗೆ ಕೆಲಸಗಾರರು 'ಡಾಗ್‌ಲೆಗ್' ಎನ್ನುತ್ತಾರೆ. ಆ ಮೂಲೆಯಲ್ಲಿ ತುಣುಕನ್ನು ಹಿಡಿದಿಡುವ ಕ್ಲಾಂಪು ಒಂದಿದ್ದರೆ, ತೆರೆಯ ಮೇಲೆ ಬಹಳ ದೂರದಲ್ಲಿ ಹಾದುಹೋಗುವ ಕಟ್ಟರು ನಿಜದಲ್ಲಿ ಅದಕ್ಕೆ ಬಡಿಯುತ್ತದೆ.

ಎಲ್ಲ ಯಂತ್ರಗಳೂ ಹೀಗೆಯೇ ಎಂದಲ್ಲ. ಕೆಲವು ಜಿ 00ಯನ್ನೂ ಸರಳರೇಖೆಯಲ್ಲಿಯೇ ನಡೆಸುತ್ತವೆ. ಫ್ಯಾನುಕ್ ನಿಯಂತ್ರಕಗಳಲ್ಲಿ ಯಾವ ಬಗೆಯೆಂಬುದನ್ನು 1401ನೆಯ ಪ್ಯಾರಾಮೀಟರಿನ ಒಂದು ಬಿಟ್ ನಿರ್ಧರಿಸುತ್ತದೆ. ಹೀಗೆ ಆಜ್ಞೆ ಒಂದೇ, ಅರ್ಥ ಎರಡು. ನಮ್ಮ 'ಅವಸರ' ಶಬ್ದದ ಕಥೆಯೇ ಇಲ್ಲಿಯೂ ನಡೆದಿದೆ. ಆದುದರಿಂದ ತನ್ನ ಯಂತ್ರ ಜಿ 00ಯನ್ನು ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂಬುದನ್ನು ದುಭಾಷಿ ಮೊದಲು ತಿಳಿದಿರಬೇಕು.

ದುಭಾಷಿಯ ಉಪಾಯಗಳು

ಪೋಸ್ಟ್ ಪ್ರೊಸೆಸರ್ ಎಂಬುದೂ ಒಂದು ಗಣಕ ಪ್ರೋಗ್ರಾಮೇ. ಅದನ್ನು ತಿದ್ದಲು ಬರುತ್ತದೆ. ಆಟೋಡೆಸ್ಕ್ ಫ್ಯೂಷನ್ ಎಂಬ ತಂತ್ರಾಂಶದಲ್ಲಿ ಅದನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿಯೇ ಬರೆದಿರುತ್ತಾರೆ. ಅದಕ್ಕೆ ನಾವು ಮೂರು ನಿಯಮಗಳನ್ನು ಕಲಿಸಬಹುದು.

ಒಂದನೆಯದು: ನಡೆಯನ್ನು ಒಡೆಯುವುದು. ಎತ್ತರದ ದಿಕ್ಕಿಗೆ ಝಡ್ ಎಂದು ಹೆಸರು. ಕಟ್ಟರು ಮೇಲೇಳಬೇಕಾಗಿದ್ದರೆ ಮೊದಲು ಝಡ್ ಮಾತ್ರ ಮೇಲಕ್ಕೆ, ಆಮೇಲೆ ಎಕ್ಸ್ ಮತ್ತು ವೈ. ಕೆಳಗಿಳಿಯಬೇಕಾಗಿದ್ದರೆ ಮೊದಲು ಎಕ್ಸ್ ಮತ್ತು ವೈ, ಆಮೇಲೆ ಝಡ್. ಬಾವಿಯಿಂದ ಕೊಡವನ್ನು ಪೂರ್ತಿ ಮೇಲಕ್ಕೆ ಸೇದಿಕೊಂಡ ಮೇಲೆಯೇ ಪಕ್ಕಕ್ಕೆ ಎಳೆಯುತ್ತೇವಲ್ಲವೆ, ಹಾಗೆ. ಎಲ್ಲ ಕ್ಲಾಂಪುಗಳಿಗಿಂತ ಎತ್ತರದಲ್ಲಿರುವಾಗ ದಾರಿ ಓರೆಯಾದರೂ ಬಾಧಕವಿಲ್ಲ.

ಎರಡನೆಯದು: ತಗ್ಗಿನಲ್ಲಿಯೇ ಎಕ್ಸ್ ಮತ್ತು ವೈ ಕೂಡಿ ನಡೆಯಬೇಕಾದಲ್ಲಿ ಜಿ 00ಯ ಬದಲು ಜಿ 01 ಎಂದು ಬರೆದು, ದೊಡ್ಡ ವೇಗವೊಂದನ್ನು, ಎಫ್ 10000 ಎಂಬಂತೆ, ಕೊಡುವುದು. ಜಿ 01ರಲ್ಲಿ ಮೋಟಾರುಗಳು ಒಂದನ್ನೊಂದು ಹೊಂದಿಕೊಂಡೇ ನಡೆಯಬೇಕಾದ್ದರಿಂದ ದಾರಿ ತೆರೆಯ ಮೇಲಿನಂತೆಯೇ ನೇರವಾಗಿರುತ್ತದೆ.

ಮೂರನೆಯದು: ಒಂದೇ ದಿಕ್ಕಿನ ನಡೆಗಳನ್ನು ಜಿ 00 ಆಗಿಯೇ ಬಿಡುವುದು. ಒಂದೇ ಮೋಟಾರು ಓಡುವಾಗ ದಾರಿ ಓರೆಯಾಗುವ ಪ್ರಶ್ನೆಯೇ ಇಲ್ಲ.

ಎಲ್ಲವನ್ನೂ ಜಿ 01 ಮಾಡಿಬಿಟ್ಟರೆ ಆಗದೆ ಎಂದರೆ, ಅದಕ್ಕೂ ಬೆಲೆ ತೆರಬೇಕು. ನಮ್ಮ ಉದಾಹರಣೆಯ ನಡೆಗೆ ಜಿ 00ಯಲ್ಲಿ 1 ಸೆಕೆಂಡು ಸಾಕು. ನೇರ ದಾರಿಯ ಉದ್ದ ಪೈಥಾಗೊರಸನ ಪ್ರಮೇಯದಂತೆ ಸುಮಾರು 412 ಮಿಲಿಮೀಟರು. ಎಫ್ 10000ದಲ್ಲಿ ಅದಕ್ಕೆ ಸುಮಾರು ಎರಡೂವರೆ ಸೆಕೆಂಡು. ವೇಗ ಏರುವ, ಇಳಿಯುವ ಕಾಲವನ್ನು ಇಲ್ಲಿ ಬಿಟ್ಟಿದ್ದೇವೆ. ಒಂದು ತುಣುಕಿಗೆ ಇಂಥ 200 ನಡೆಗಳಿದ್ದರೆ 5 ನಿಮಿಷ ಹೆಚ್ಚಾಯಿತು. ದಿನಕ್ಕೆ ಇಷ್ಟು ತುಣುಕು ಎಂದು ಲೆಕ್ಕ ಒಪ್ಪಿಸಬೇಕಾದ ವರ್ಕ್‌ಷಾಪಿಗೆ ಅದು ಸಣ್ಣ ನಷ್ಟವಲ್ಲ. ಈ ಕಾರಣದಿಂದಲೇ ಫ್ಯೂಷನ್ನಿನಂಥ ತಂತ್ರಾಂಶಗಳಲ್ಲಿ ವೇಗದ ನಡೆಗಳನ್ನೆಲ್ಲ ಹಾಗೆಯೇ ಉಳಿಸು, ಒಂಟಿ ದಿಕ್ಕಿನವನ್ನು ಮಾತ್ರ ಉಳಿಸು, ಎಲ್ಲವನ್ನೂ ಬದಲಿಸು ಎಂಬಂಥ ಆಯ್ಕೆಗಳನ್ನು ಇಟ್ಟಿರುತ್ತಾರೆ.

ನಡೆಯನ್ನು ಒಡೆಯುವ ನಿಯಮವನ್ನೂ ಕುರುಡಾಗಿ ಹಿಡಿಯಬಾರದು. ಲೇತಿನಲ್ಲಿ ತುಣುಕಿನ ಹೊರಮೈಯನ್ನು ಕೊರೆದಾದ ಮೇಲೆ ಉಪಕರಣವನ್ನು ಮೊದಲು ಎಕ್ಸ್ ದಿಕ್ಕಿನಲ್ಲಿ ಹೊರಕ್ಕೆ ಎಳೆದು, ಆಮೇಲೆ ಝಡ್ ದಿಕ್ಕಿನಲ್ಲಿ ಸರಿಸುತ್ತಾರೆ. ಆದರೆ ರಂಧ್ರದ ಒಳಮೈಯನ್ನು ಕೊರೆಯುತ್ತಿದ್ದರೆ ಮೊದಲು ಝಡ್ ದಿಕ್ಕಿನಲ್ಲಿ ರಂಧ್ರದಿಂದ ಪೂರ್ತಿ ಹೊರಬರಬೇಕು. ಹೊರಗಿನ ನಿಯಮವನ್ನು ಒಳಗೂ ನಡೆಸಿದರೆ ಉಪಕರಣವು ರಂಧ್ರದ ಗೋಡೆಗೆ ಬಡಿದೀತು. ವ್ಯಾಕರಣದ ಸೂತ್ರಕ್ಕೆ ಅಪವಾದವಿರುವಂತೆ ಇದಕ್ಕೂ ಇದೆ.

ಹುಡುಗನ ತಪ್ಪೇನು?

ಈಗ ನಮ್ಮ ಹುಡುಗನ ವಿಷಯಕ್ಕೆ ಬರೋಣ. ಆ ವರ್ಕ್‌ಷಾಪಿನಲ್ಲಿ ಹಿಂದೊಮ್ಮೆ ಡಾಗ್‌ಲೆಗ್ಗಿನಿಂದಲೇ ಕ್ಲಾಂಪಿಗೆ ಪೆಟ್ಟು ಬಿದ್ದಿತ್ತು. ಆಗ ಪ್ರೋಗ್ರಾಮರರು ಪೋಸ್ಟ್ ಪ್ರೊಸೆಸರನ್ನು ತಿದ್ದಿ, ಕೂಡಿ ನಡೆಯುವ ವೇಗದ ನಡೆಗಳನ್ನೆಲ್ಲ ಜಿ 01 ಎಫ್ 10000 ಎಂದು ಬರೆಯುವಂತೆ ಮಾಡಿದರು. ಕೆಲಸ ಒಳ್ಳೆಯದೇ. ಆದರೆ ಯಂತ್ರದ ಮುಂದೆ ನಿಲ್ಲುವವರಿಗೆ ಅದನ್ನು ತಿಳಿಸಲು ಮರೆತರು.

ಯಂತ್ರದ ಫಲಕದ ಮೇಲೆ ವೇಗ ತಗ್ಗಿಸುವ ಗುಂಡಿಗಳು ಎರಡಿವೆ. ಒಂದು ಜಿ 00ಯ ವೇಗಕ್ಕೆ. ಇನ್ನೊಂದು ಎಫ್ ವೇಗಕ್ಕೆ. ಹೊಸ ತುಣುಕನ್ನು ಮೊದಲ ಸಲ ಓಡಿಸುವಾಗ ಹುಡುಗನು ಐ.ಟಿ.ಐ.ಯಲ್ಲಿ ಕಲಿತಂತೆ ಮೊದಲನೆಯ ಗುಂಡಿಯನ್ನು 25ಕ್ಕೆ ಇಳಿಸಿದನು. ಎಂದರೆ ಖಾಲಿ ನಡೆ ನಿಮಿಷಕ್ಕೆ 6000 ಮಿಲಿಮೀಟರು ಮೀರದೆಂದು ಅವನ ನಂಬಿಕೆ. ಆದರೆ ಆ ನಡೆ ಆಗಲೇ ಜಿ 00 ಆಗಿ ಉಳಿದಿರಲಿಲ್ಲ. ಜಿ 01 ಆಗಿತ್ತು. ಜಿ 01 ಮೊದಲನೆಯ ಗುಂಡಿಯ ಮಾತನ್ನು ಕೇಳುವುದಿಲ್ಲ. ಎರಡನೆಯ ಗುಂಡಿ ನೂರರಲ್ಲಿಯೇ ಇತ್ತು. ಕಟ್ಟರು 10000ದ ವೇಗದಲ್ಲಿ ಬಂತು. ಅಂದು ಅವನು ಹಾಕಿದ್ದ ಕ್ಲಾಂಪು ಪ್ರೋಗ್ರಾಮರರು ಎಣಿಸಿದ್ದಕ್ಕಿಂತ ಎತ್ತರದ್ದು; ದಾರಿಗೆ ಅಡ್ಡವಾಗಿತ್ತು. ಕಾಲು ಸೆಕೆಂಡಿನಲ್ಲಿ ಎರಡೂವರೆ ಸೆಂಟಿಮೀಟರು ಬರುವುದೆಂದು ಎಣಿಸಿದ್ದ ಕಟ್ಟರು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಬಂದಿತ್ತು. ನಿಲ್ಲಿಸುವ ಗುಂಡಿಯನ್ನು ಒತ್ತುವಷ್ಟರಲ್ಲಿ ಕಟ್ಟರು ಮುರಿದಿತ್ತು. ಯಾರಿಗೂ ಗಾಯವಾಗದಿದ್ದುದು ಪುಣ್ಯ.

ಕ್ಲಾಂಪನ್ನು ಸರಿಯಾಗಿ ನೋಡದಿದ್ದುದು ಹುಡುಗನ ತಪ್ಪು; ಅದನ್ನು ಅವನೇ ಒಪ್ಪಿದನು. ಆದರೆ ಅವನು ಅವಸರಗೇಡಿಯಲ್ಲ. ತನಗೆ ಕಲಿಸಿದ ಎಚ್ಚರಿಕೆಯನ್ನು ತಪ್ಪದೆ ತೆಗೆದುಕೊಂಡಿದ್ದನು. ದುಭಾಷಿಯು ಶಬ್ದವನ್ನು ಬದಲಾಯಿಸಿದಾಗ ಆ ಎಚ್ಚರಿಕೆ ಅವನಿಗೆ ತಿಳಿಯದಂತೆಯೇ ನಿಷ್ಫಲವಾಗಿತ್ತು. ಇದನ್ನು ಬಿಡಿಸಿ ಹೇಳಿದಾಗ ಮಾಲೀಕರು ತಲೆದೂಗಿದರು. ಕಟ್ಟರಿನ ಬೆಲೆಯನ್ನು ಸಂಬಳದಲ್ಲಿ ಹಿಡಿಯಲಿಲ್ಲ. ಅಂದಿನಿಂದ ಅಲ್ಲಿಯ ಪೋಸ್ಟ್ ಪ್ರೊಸೆಸರು ಪ್ರತಿಯೊಂದು ಪ್ರೋಗ್ರಾಮಿನ ತಲೆಯಲ್ಲಿ, ವೇಗದ ನಡೆಗಳು ಜಿ 01 ಆಗಿವೆ, ಎರಡನೆಯ ಗುಂಡಿಯನ್ನೂ ಇಳಿಸಿರಿ ಎಂಬ ಅರ್ಥದ ಸೂಚನೆಯನ್ನು ಆವರಣ ಚಿಹ್ನೆಗಳೊಳಗೆ ಬರೆಯುತ್ತದೆ. ಆವರಣದೊಳಗಿನ ಮಾತನ್ನು ಯಂತ್ರ ಲೆಕ್ಕಿಸುವುದಿಲ್ಲ. ಅದು ಮನುಷ್ಯನಿಗಾಗಿಯೇ ಇರುವ ಮಾತು.

ಇನ್ನೂ ಎರಡು ಎಚ್ಚರಿಕೆಗಳು

ಈ ದಾರಿಯಲ್ಲಿ ಮುಂದುವರಿಯುವ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಇನ್ನೆರಡು ಸಂಗತಿಗಳನ್ನು ಹೇಳುತ್ತೇವೆ.

ಎಫ್ ವೇಗವನ್ನು ಒಮ್ಮೆ ಹೇಳಿದರೆ, ಮತ್ತೆ ಬದಲಿಸಿ ಹೇಳುವವರೆಗೂ ಯಂತ್ರ ಅದನ್ನೇ ಹಿಡಿದಿರುತ್ತದೆ. ಎಫ್ 10000 ಎಂದು ಖಾಲಿ ನಡೆಯನ್ನು ಮುಗಿಸಿದ ಮೇಲೆ, ಕೊರೆಯುವ ಸಾಲಿನಲ್ಲಿ ಎಫ್ 300 ಎಂದು ಮರಳಿ ಬರೆಯದಿದ್ದರೆ ಕಟ್ಟರು 10000ದ ವೇಗದಲ್ಲಿಯೇ ಲೋಹಕ್ಕೆ ನುಗ್ಗುತ್ತದೆ. ಆದುದರಿಂದ ಇಂಥ ಪ್ರತಿಯೊಂದು ನಡೆಯ ಅನಂತರವೂ ಕೊರೆಯುವ ವೇಗವನ್ನು ತಪ್ಪದೆ ಬರೆಯುವಂತೆ ಪೋಸ್ಟ್ ಪ್ರೊಸೆಸರನ್ನು ಕಟ್ಟಿಹಾಕಬೇಕು.

ಎರಡನೆಯದು ಜಿ 28 ಎಂಬ ಆಜ್ಞೆ. ಇದು ಕಟ್ಟರನ್ನು ಯಂತ್ರದ ನೆಲೆಗೆ ಮರಳಿ ಕಳುಹಿಸುತ್ತದೆ. ಆದರೆ ಆಜ್ಞೆಯಲ್ಲಿ ಬರೆದ ಬಿಂದುವಿನ ಮೂಲಕ ಹಾದು. ಜಿ 91 ಎಂದರೆ ಇದ್ದಲ್ಲಿಂದ ಅಳತೆ. ಜಿ 90 ಎಂದರೆ ಮೂಲಬಿಂದುವಿನಿಂದ ಅಳತೆ. 'ಜಿ 91 ಜಿ 28 ಝಡ್ 0' ಎಂದರೆ ಇದ್ದಲ್ಲಿಂದ ನೇರ ಮೇಲಕ್ಕೆ. ಜಿ 90 ಜಾರಿಯಲ್ಲಿರುವಾಗ 'ಜಿ 28 ಝಡ್ 0' ಎಂದರೆ ಮೊದಲು ತುಣುಕಿನ ಸೊನ್ನೆಯ ಮಟ್ಟಕ್ಕೆ ಇಳಿದು, ಆಮೇಲೆ ಮೇಲಕ್ಕೆ! ಸೊನ್ನೆಯನ್ನು ತುಣುಕಿನ ಮೇಲ್ಮೈಯಲ್ಲಿ ಇಟ್ಟಿದ್ದರೆ ಕಟ್ಟರು ಪೂರ್ಣ ವೇಗದಲ್ಲಿ ಆ ಮೇಲ್ಮೈಗೇ ಇಳಿಯುತ್ತದೆ. ಒಂದು ಶಬ್ದ ಬಿಟ್ಟುಹೋದುದಕ್ಕೆ ಮೇಲಕ್ಕೆ ಎಂಬುದು ಕೆಳಕ್ಕೆ ಎಂದಾಯಿತು.

ಯಾವ ದುಭಾಷಿ ಎಷ್ಟೇ ಜಾಣನಾಗಿದ್ದರೂ ಹೊಸ ಪ್ರೋಗ್ರಾಮನ್ನು ಮೊದಲ ಸಲ ಓಡಿಸುವಾಗ ಒಂದೊಂದೇ ಸಾಲಾಗಿ ಓಡಿಸಬೇಕು. ಎರಡೂ ಗುಂಡಿಗಳನ್ನು ಇಳಿಸಿರಬೇಕು. ಕಣ್ಣು ಕಟ್ಟರಿನ ಮೇಲೆ, ಕೈ ನಿಲ್ಲಿಸುವ ಗುಂಡಿಯ ಮೇಲೆ ಇರಬೇಕು.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳ ಕೈಯಲ್ಲಿ ಏನಾದರೂ ಮುರಿದಾಗ "ಅವಸರಗೇಡಿ" ಎಂದು ಬಿಡುವ ಮೊದಲು, ಅವನಿಗೆ ಯಾರು ಏನು ಹೇಳಿದ್ದರು, ಅವನು ಅದನ್ನು ಏನೆಂದು ತಿಳಿದಿದ್ದನು ಎಂದು ಒಮ್ಮೆ ಕೇಳಿರಿ. ಮಕ್ಕಳಲ್ಲಿಯೂ ಒಂದು ಮಾತು. ನೀವು ಎರಡು ಮೂರು ಭಾಷೆಗಳ ನಡುವೆ ಬೆಳೆದವರು. ಹೇಳಿದ ಶಬ್ದ ಬೇರೆ, ಕೇಳಿದವರಿಗೆ ಆದ ಅರ್ಥ ಬೇರೆ ಆಗಬಹುದೆಂಬುದು ನಿಮಗೆ ಚಿಕ್ಕಂದಿನಿಂದಲೇ ಗೊತ್ತು. ಆ ತಿಳಿವಳಿಕೆಯನ್ನು ಮನೆಯಲ್ಲಿಯೇ ಬಿಟ್ಟುಹೋಗಬೇಡಿರಿ. ಕಾರ್ಖಾನೆಯ ಬಾಗಿಲೊಳಗೂ ಅದರಿಂದ ಕೆಲಸವಿದೆ.